ನೊರಾವಾಂಕ್‌ನಿಂದ ಇಳಿಯುವ ದಾರಿ

ಕಾರ್ಲ್ಸ್‌ರುಹೆ
14 ಏಪ್ರಿಲ್ 2025

ಮಾನ್ಯ ಮಧುಮತಿಯವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹೆಸರು ರಚನಾ, ಮೈಸೂರಿನವಳು, ಜರ್ಮನಿಗೆ ಬಂದು ಕೆಲವು ವರ್ಷಗಳಾದವು. ಯೆರೆವಾನ್‌ನಲ್ಲಿ ಮೆಡಿಕಲ್ ಓದುವ ನಮ್ಮ ಕಡೆಯ ಮಕ್ಕಳಿಗೆ ನೀವು ಮೆಸ್ ನಡೆಸುತ್ತೀರಿ, ಅಲ್ಲಿನ ಭಾಷೆ ಚೆನ್ನಾಗಿ ಮಾತಾಡುತ್ತೀರಿ ಎಂದು ನನ್ನ ಗೆಳತಿ ನಿಶ್ಚಿತಾ ಯಾರ್ಯಾರನ್ನೋ ಕೇಳಿ ನಿಮ್ಮ ಮೇಲ್ ವಿಳಾಸ ತಂದುಕೊಟ್ಟಳು. ಆ ದೇಶದಲ್ಲಿ ನನಗೆ ಗೊತ್ತಿರುವ ಹೆಸರು ನಿಮ್ಮದೊಂದೇ.

ನನ್ನ ಗಂಡ ಯಶವಂತ್ ಕಾಣೆಯಾಗಿದ್ದಾರೆ.

ಅವರ ಕಂಪನಿಗೆ ಯೆರೆವಾನ್‌ನಲ್ಲಿ ಒಂದು ಟೀಮ್ ಇದೆ. ಒಂದು ವಾರದ ಕೆಲಸಕ್ಕೆಂದು ಹೋಗಿದ್ದರು. ಶನಿವಾರ ರಜೆಯಾದ್ದರಿಂದ, ಹಳೆಯ ಚರ್ಚುಗಳನ್ನೂ ಮಠಗಳನ್ನೂ ತೋರಿಸಿ ಸಂಜೆಗೆ ವಾಪಸ್ ಕರೆತರುವ ಟೂರಿಗೆ ಹೆಸರು ಕೊಟ್ಟರು. ಬೆಳಿಗ್ಗೆ ಖೋರ್ ವಿರಾಪ್ ಎಂಬ ಮಠದಿಂದ ನನಗೆ ಫೋನ್ ಮಾಡಿದ್ದರು. ಮಧ್ಯಾಹ್ನ ನೊರಾವಾಂಕ್ ಎಂಬ ಇನ್ನೊಂದು ಮಠದಲ್ಲಿ ಬಸ್ಸಿನಿಂದ ಇಳಿದದ್ದನ್ನು ಜೊತೆಯವರು ನೋಡಿದ್ದಾರೆ. ಹೊರಡುವ ಹೊತ್ತಿಗೆ ಅವರು ಬಸ್ಸಿಗೆ ಬರಲಿಲ್ಲ. ಕಾದರು, ಹುಡುಕಿದರು, ಆಮೇಲೆ ಬಸ್ಸು ಹೊರಟುಹೋಯಿತು. ಅಂದಿನಿಂದ ಫೋನ್ ಸ್ವಿಚ್ ಆಫ್.

ಪೊಲೀಸರಿಗೆ ದೂರು ಕೊಟ್ಟಾಗಿದೆ. ಆಫೀಸಿನವರು ಹೋಟೆಲಿಗೆ ಹೋಗಿ ನೋಡಿದರು. ಸೂಟ್‌ಕೇಸ್ ಅಲ್ಲೇ ಇದೆ, ಪಾಸ್‌ಪೋರ್ಟ್ ಇಲ್ಲ. ಯಶವಂತ್ ಹೊರದೇಶಕ್ಕೆ ಹೋದರೆ ಪಾಸ್‌ಪೋರ್ಟನ್ನು ಸ್ನಾನಕ್ಕೆ ಹೋಗುವಾಗಲೂ ಕಣ್ಣೆದುರೇ ಇಟ್ಟುಕೊಳ್ಳುವವರು. ಪೊಲೀಸರು ಅದನ್ನು ಬೇರೆ ರೀತಿ ತಿಳಿದುಕೊಂಡಿದ್ದಾರೆ. ಬೇಕೆಂದೇ ಎಲ್ಲೋ ಹೋಗಿರಬಹುದು, ಬರುತ್ತಾರೆ ಬಿಡಿ ಅನ್ನುತ್ತಾರೆ.

ನಾನೇ ಹೊರಟು ಬರುವ ಹಾಗಿಲ್ಲ. ನನ್ನ ವೀಸಾ ನವೀಕರಣಕ್ಕೆ ಹೋಗಿದೆ. ಕೈಯಲ್ಲಿರುವುದು ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಕಾಗದ. ಅದನ್ನು ಹಿಡಿದು ಹೊರಗೆ ಹೋದರೆ ತಿರುಗಿ ಒಳಗೆ ಬಿಡುತ್ತಾರೆಂಬ ಖಾತ್ರಿಯಿಲ್ಲ.

ನೀವು ಒಮ್ಮೆ ಆ ನೊರಾವಾಂಕ್‌ಗೆ ಹೋಗಿ ವಿಚಾರಿಸಿ ಬರುತ್ತೀರಾ? ಫೋಟೋ ಕಳಿಸಿದ್ದೇನೆ. ಎತ್ತರದ ಆಳು, ಕನ್ನಡಕ, ಹಸಿರು ಜಾಕೆಟ್. ಗುರುತು ಪರಿಚಯ ಇಲ್ಲದವಳು ಹೀಗೆ ಕೇಳುವುದು ಸರಿಯಲ್ಲ ಎಂದು ಗೊತ್ತು. ಕೇಳದೆ ಇರಲು ಆಗುತ್ತಿಲ್ಲ.

ರಚನಾ


ಯೆರೆವಾನ್
15 ಏಪ್ರಿಲ್ 2025

ರಚನಾ ಅವರೇ,

ಮಕ್ಕಳಿಗೆ ಉಪ್ಪಿಟ್ಟು ಬಡಿಸಿ ಕಾಲೇಜಿಗೆ ಕಳಿಸಿದವಳೇ ಸೀದಾ ಟೂರಿನವರ ಆಫೀಸಿಗೆ ಹೋದೆ. ಆಮೇಲೆ ಪೊಲೀಸ್ ಠಾಣೆಗೆ. ಈಗ ಬಂದು ಕೂತು ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದವಳು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ, ಮಗಳು ಇಲ್ಲಿ ಓದಲು ಬಂದಾಗ ಅವಳಿಗೆ ಅಡುಗೆ ಮಾಡಿಹಾಕಲು ಜೊತೆಗೆ ಬಂದೆ. ಅವಳು ಓದು ಮುಗಿಸಿ ಹೊರಟುಹೋದಳು. ಅಷ್ಟರಲ್ಲಿ ಬೇರೆಯವರ ಮಕ್ಕಳು ನನ್ನ ಒಲೆಯ ಸುತ್ತ ಸೇರಿಕೊಂಡಿದ್ದರು, ಹಾಗಾಗಿ ಉಳಿದೆ. ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ನನಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಟೂರಿನ ಡ್ರೈವರನಿಗೆ ನಿಮ್ಮವರು ನೆನಪಿದ್ದಾರೆ. ಖೋರ್ ವಿರಾಪ್‌ನಲ್ಲಿ ಖುಷಿಯಾಗಿಯೇ ಇದ್ದರಂತೆ, ಎಲ್ಲರಿಗೂ ಬಿಸ್ಕತ್ತು ಹಂಚಿದರಂತೆ. ನೊರಾವಾಂಕ್‌ನಲ್ಲಿ ಏನಾಯಿತೆಂದು ಅವನಿಗೆ ತಿಳಿಯದು, ಅವನು ಬಸ್ಸಿನಲ್ಲೇ ಕೂತಿದ್ದ. ಗೈಡ್ ಹುಡುಗಿಯನ್ನು ಕೇಳಬೇಕು, ಅವಳು ಇವತ್ತು ಸಿಗಲಿಲ್ಲ.

ಠಾಣೆಯಲ್ಲಿ ಕಾಫಿ ಕೊಟ್ಟರು. ಕಾಫಿ ಕೊಟ್ಟವನೇ ಹೇಳಿದ, "ಮನೇಲಿ ಜಗಳ ಆಡ್ಕೊಂಡು ಬಂದಿರ್ತಾನೆ ತಾಯಿ. ಇಂಥವರನ್ನ ನಾವು ನೋಡಿದೀವಿ. ಅಷ್ಟಕ್ಕೂ ಹೆಂಡತಿ ಯಾಕೆ ಬಂದಿಲ್ಲ?"

ಅವನಿಗೆ ಬೈಯಬೇಕೆಂದುಕೊಂಡೆ. ಆದರೆ ಆ ಪ್ರಶ್ನೆ ನನಗೂ ಇತ್ತು. ಗಂಡ ಬೆಟ್ಟಗುಡ್ಡದ ನಡುವೆ ಮಾಯವಾಗಿದ್ದಾನೆ, ಹೆಂಡತಿ ಕಾಗದಪತ್ರ ಸರಿಯಿಲ್ಲ ಅನ್ನುತ್ತಾಳೆ. ತಿರುಗಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಈ ಹೊತ್ತಿನಲ್ಲಿ ಯೋಚಿಸುವವರು ಯಾರು? ನಾನು ಹೋಗುವುದಿಲ್ಲ ಅನ್ನುತ್ತಿಲ್ಲ, ಗುರುವಾರ ಅದೇ ಬಸ್ಸಿನಲ್ಲಿ ಹೋಗುತ್ತೇನೆ. ಆದರೆ ಏನನ್ನು ಹುಡುಕುತ್ತಿದ್ದೇನೆಂದು ನನಗೆ ಗೊತ್ತಿರಬೇಕು. ಜಗಳ ಆಗಿತ್ತೇ? ನಿಜ ಬರೆಯಿರಿ.

ಮಧುಮತಿ


ಕಾರ್ಲ್ಸ್‌ರುಹೆ
15 ಏಪ್ರಿಲ್ 2025, ಸಂಜೆ

ಮಧುಮತಿಯವರೇ,

ನಾನು ಆಸ್ಪತ್ರೆಯಲ್ಲಿದ್ದೇನೆ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ಈಗ ಆರನೇ ತಿಂಗಳು. ಶುಕ್ರವಾರ ಮಧ್ಯಾಹ್ನ ನೋವು ಶುರುವಾಯಿತು, ನಿಶ್ಚಿತಾ ಕರೆತಂದು ಸೇರಿಸಿದಳು. ಗರ್ಭಕೋಶದ ಬಾಯಿ ತೆರೆಯುತ್ತಿದೆ ಎಂದು ಹೊಲಿಗೆ ಹಾಕಿದ್ದಾರೆ. ಏಳುವ ಹಾಗಿಲ್ಲ. ಮಗು ಈಗಲೇ ಬಂದರೆ ಉಳಿಯುವುದು ಕಷ್ಟ, ಒಳಗೆ ಎಷ್ಟು ದಿನ ಇದ್ದರೆ ಅಷ್ಟು ಒಳ್ಳೆಯದು ಎಂದಿದ್ದಾರೆ ಡಾಕ್ಟರ್. ಹೋದ ವರ್ಷ ಹೀಗೇ ಆರನೇ ತಿಂಗಳಲ್ಲಿ ಒಂದು ಹೋಯಿತು.

ಇದನ್ನು ಮೊದಲೇ ಹೇಳಿದ್ದರೆ ನೀವು ನನ್ನ ಮೇಲೆ ಕನಿಕರಪಟ್ಟು ಸಿಹಿಯಾದದ್ದನ್ನೇ ಬರೆಯುತ್ತಿದ್ದಿರಿ. ನನಗೆ ನಿಜ ಬೇಕಿತ್ತು. ಆದ್ದರಿಂದ ವೀಸಾ ಎಂದೆ. ಅದು ಸುಳ್ಳಲ್ಲ, ಆದರೆ ಕಾರಣ ಅದಲ್ಲ.

ಫೋನ್ ಮಾಡಬೇಡಿ. ದನಿ ಕೇಳಿದರೆ ಅಳು ಬರುತ್ತದೆ. ಅತ್ತರೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮಾನಿಟರಿನಲ್ಲಿ ಗೆರೆ ಏಳುತ್ತದೆ, ನರ್ಸ್ ಓಡಿ ಬರುತ್ತಾಳೆ. ಅದಕ್ಕೇ ಪೊಲೀಸ್, ಎಂಬೆಸಿ ಎಲ್ಲಕ್ಕೂ ನಿಶ್ಚಿತಾಳ ನಂಬರೇ ಕೊಟ್ಟಿದೆ. ಬರೆಯುವಾಗ ಯಾಕೋ ಅಳು ಬರುವುದಿಲ್ಲ.

ಜಗಳ ಆಗಿತ್ತು. ಯಶವಂತ್ ಹೊರಡುವ ಹಿಂದಿನ ದಿನ ನಾನೊಂದು ಹಳೆಯ ತೊಟ್ಟಿಲು ತಂದಿದ್ದೆ, ಬಿಚ್ಚಿ ಜೋಡಿಸುವಂಥದ್ದು. ಅವನು ಅದನ್ನು ನೋಡಿದವನೇ ಕೆಳಗೆ ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಇಟ್ಟು ಬಂದ. ಅವರು ಅವರು ಎಂದು ಬರೆದು ಸಾಕಾಯಿತು, ಮನೆಯಲ್ಲಿ ನಾನು ಅವನನ್ನು ಹಾಗೆ ಅನ್ನುವುದೇ ಇಲ್ಲ. ಯಾಕೆ ಇಟ್ಟೆ ಎಂದು ಕೇಳಿದೆ.

"ಹೋದ್ಸಲ ತೊಟ್ಲು ಬಿಚ್ಚಿದ್ದು ನಾನು, ರಚ್ಚು. ನೀನು ಆಸ್ಪತ್ರೇಲಿದ್ದೆ. ಸ್ಕ್ರೂ ಒಂದೊಂದಾಗಿ ತೆಗೆದಿದ್ದು ನಾನು. ಇನ್ನೊಂದ್ಸಲ ನನ್ ಕೈಲಾಗಲ್ಲ. ಇದೂ ಹೋದ್ರೆ ನಾನು ಈ ಮನೇಲಿ ಇರಲ್ಲ."

ಶನಿವಾರ ಬೆಳಿಗ್ಗೆ ಅವನು ಫೋನ್ ಮಾಡಿದಾಗ ನಾನು ಈ ಹಾಸಿಗೆಯ ಮೇಲಿದ್ದೆ. ಮನೆಯಲ್ಲಿದ್ದೇನೆ, ಬಟ್ಟೆ ಮಡಿಸುತ್ತಿದ್ದೇನೆ ಎಂದೆ. ಒಂದು ದಿನವಾದರೂ ನೆಮ್ಮದಿಯಾಗಿ ಸುತ್ತಲಿ ಅನ್ನಿಸಿತು. ಅಲ್ಲಿಂದ ಅರಾರಾತ್ ಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಹೇಳುತ್ತಲೇ ಇದ್ದ.

ಈಗ ನನ್ನ ಭಯ ಇದು: ಯಾರೋ ಅವನಿಗೆ ನಾನು ಆಸ್ಪತ್ರೆ ಸೇರಿದ್ದನ್ನು ಹೇಳಿಬಿಟ್ಟಿದ್ದಾರೆ, ಇದೂ ಹೋಯಿತು ಎಂದುಕೊಂಡು ಅವನು ಹೊರಟುಹೋಗಿದ್ದಾನೆ. ನಿಶ್ಚಿತಾಳನ್ನು ಕೇಳಿದೆ, ತಾನು ಹೇಳಿಲ್ಲ ಎಂದಳು.

ಅವನು ನನ್ನನ್ನು ಬಿಟ್ಟು ಹೋಗಿದ್ದರೂ ಪರವಾಗಿಲ್ಲ, ಎಲ್ಲೋ ಒಂದು ಕಡೆ ಇದ್ದಾನೆ ಎಂದಾದರೆ ಸಾಕು. ಗುರುವಾರ ತಪ್ಪಿಸಬೇಡಿ.

ರಚನಾ


ಯೆರೆವಾನ್
17 ಏಪ್ರಿಲ್ 2025

ರಚನಾ ಅವರೇ,

ಹಿಂದಿನ ಕಾಗದದಲ್ಲಿ ಒರಟಾಗಿ ಬರೆದೆ. ಅದನ್ನು ಮರೆತುಬಿಡಿ.

ಅದೇ ಬಸ್ಸು, ಅದೇ ಗೈಡು. ಅವಳ ಹೆಸರು ನಾರೆ, ನನ್ನ ಮಗಳಿಗಿಂತ ಚಿಕ್ಕವಳು. ನಾನು ಯಾರೆಂದು ತಿಳಿದ ಕೂಡಲೇ ಅವಳ ಕಣ್ಣು ಕೆಂಪಾಯಿತು. ಮೊದಲು ಖೋರ್ ವಿರಾಪ್. ದ್ರಾಕ್ಷಿ ತೋಟಗಳ ಆಚೆ ಒಂದು ಸಣ್ಣ ಗುಡ್ಡ, ಅದರ ಮೇಲೆ ಮಠ, ಅದರ ಹಿಂದೆ ಆಕಾಶ ತುಂಬಾ ಅರಾರಾತ್. ಅಷ್ಟು ಹತ್ತಿರ ಕಾಣುವ ಬೆಟ್ಟ ಗಡಿಯಾಚೆಗಿನ ತುರ್ಕಿಯಲ್ಲಿದೆ, ಇವರು ನೋಡಬಹುದು ಅಷ್ಟೆ, ಹೋಗುವ ಹಾಗಿಲ್ಲ. ಮಠದೊಳಗೆ ಒಂದು ಆಳವಾದ ಗುಂಡಿ. ಇವರ ಸಂತ ಗ್ರೆಗರಿಯನ್ನು ರಾಜ ಅದರೊಳಗೆ ತಳ್ಳಿಸಿ ವರ್ಷಗಟ್ಟಲೆ ಬಿಟ್ಟಿದ್ದನಂತೆ. ಊರಿನ ವಿಧವೆಯೊಬ್ಬಳು ದಿನವೂ ಮೇಲಿನಿಂದ ರೊಟ್ಟಿ ಎಸೆದು ಅವನನ್ನು ಉಳಿಸಿಕೊಂಡಳಂತೆ. ಕಬ್ಬಿಣದ ಏಣಿ ಇಳಿಯಲು ನನ್ನ ಮಂಡಿ ಒಪ್ಪಲಿಲ್ಲ. ಬಾಯಿಯ ಬಳಿ ನಿಂತು ಕೆಳಗೆ ನೋಡಿದೆ. ನಿಮ್ಮವರು ಇಳಿದು ಹತ್ತಿದರೆಂದು ನಾರೆ ಹೇಳಿದಳು.

ನೊರಾವಾಂಕ್ ಬೇರೆಯೇ ಲೋಕ. ಕೆಂಪು ಬಂಡೆಗಳ ಕಣಿವೆ, ಎರಡೂ ಕಡೆ ಗೋಡೆಯಂತೆ ಎದ್ದು ನಿಂತಿದೆ. ಅದರ ನಡುವೆ ಬಳುಕುವ ರಸ್ತೆ, ರಸ್ತೆಯ ಕೆಳಗೆ ತೊರೆ. ತುದಿಯಲ್ಲಿ ಮಠ. ಅದೂ ಬಂಡೆಯ ಬಣ್ಣದ್ದೇ. ಎರಡಂತಸ್ತಿನ ಚರ್ಚಿನ ಮುಂಗೋಡೆಯ ಮೇಲೆ ಕಿರಿದಾದ ಕಲ್ಲಿನ ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಜನ ಕೈಕಾಲು ಊರಿ ಹತ್ತುತ್ತಾರೆ. ನಿಮ್ಮವರು ಅದನ್ನು ಹತ್ತಲಿಲ್ಲ. ಫೋಟೋ ತೆಗೆಯಲು ಒಂದು ಮೂಲೆಗೆ ಹೋಗಿದ್ದರಂತೆ. ಕಣಿವೆಯಲ್ಲಿ ಎಲ್ಲೂ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆ ಮೂಲೆಯಲ್ಲಿ ಮಾತ್ರ ಸಿಗುತ್ತದೆ.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಅವರು ಓಡುತ್ತಾ ನಾರೆಯ ಬಳಿ ಬಂದರು. "ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಏರ್‌ಪೋರ್ಟಿಗೆ ಹೇಗೆ ಹೋಗೋದು?" ಎಂದು ಕೇಳಿದರು. ಇಲ್ಲಿ ಟ್ಯಾಕ್ಸಿ ಇಲ್ಲ, ಅರೆನಿ ಎಂಬ ಊರಿನ ಬಳಿ ಹೆದ್ದಾರಿ ಸಿಗುತ್ತದೆ, ತಾಳಿ, ಊಟ ಮುಗಿದರೆ ಎಲ್ಲರೂ ಹೋಗೋಣ ಎಂದಳು ಇವಳು. ಸರಿ ಎಂದರಂತೆ. ಇವಳು ಉಳಿದವರನ್ನು ಕೂಡಿಸಲು ಆ ಕಡೆ ತಿರುಗಿದಳು. ಮತ್ತೆ ಅವರನ್ನು ನೋಡಲಿಲ್ಲ.

ಪೊಲೀಸರಿಗೂ ಇದನ್ನೇ ಹೇಳಿದ್ದಳಂತೆ. ಇವಳ ಮಾತನ್ನು ಬರೆದುಕೊಂಡವನೇ ಬೇರೆ, ನನಗೆ ಕಾಫಿ ಕೊಟ್ಟವನೇ ಬೇರೆ. ಈ ಸಂಜೆ ನಾನೇ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿ ಮತ್ತೆ ಹೇಳಿಸಿದೆ. ನಾಳೆಯಿಂದ ಕಣಿವೆಯಲ್ಲಿ ಹುಡುಕುತ್ತಾರೆ.

ಅವರು ನಿಮ್ಮನ್ನು ಬಿಟ್ಟು ಹೋದವರಲ್ಲ ರಚನಾ. ನಿಮ್ಮ ಕಡೆಗೇ ಹೊರಟವರು.

ಮಧುಮತಿ


ಕಾರ್ಲ್ಸ್‌ರುಹೆ
18 ಏಪ್ರಿಲ್ 2025, ಶುಭ ಶುಕ್ರವಾರ

ಮಧುಮತಿ ಆಂಟಿ,

ನಿಶ್ಚಿತಾ ಒಪ್ಪಿಕೊಂಡಳು. ಶನಿವಾರ ನಾನು ನಿದ್ದೆಯಲ್ಲಿದ್ದಾಗ ಅವನಿಗೆ ಮೆಸೇಜ್ ಕಳಿಸಿದ್ದಳು. ಗಂಡನಿಗೆ ಹೇಳದೆ ಹೇಗಿರುವುದು ಎನಿಸಿತಂತೆ. ಅವನು ಕಾಣೆಯಾದ ಮೇಲೆ ಹೇಳಲು ಧೈರ್ಯ ಬರಲಿಲ್ಲವಂತೆ. ನನ್ನ ಕಾಲು ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲು ಸಂತೋಷವಾಯಿತು. ಆಂಟಿ, ನಿಜವಾಗಿ ಸಂತೋಷವಾಯಿತು, ಅವನು ಹೊರಟದ್ದು ನನ್ನ ಕಡೆಗೆ ಎಂದು. ಆಮೇಲೆ ಹೊಳೆಯಿತು. ಬಿಟ್ಟು ಹೋದವನು ಎಲ್ಲಾದರೂ ಇರಬಹುದು. ನನ್ನ ಕಡೆಗೆ ಹೊರಟವನು ಇಷ್ಟು ಹೊತ್ತಿಗೆ ಇಲ್ಲಿ ಬಂದು ಸೇರಬೇಕಿತ್ತು.

ಅವನು ಕಾಯುವವನಲ್ಲ. ಟ್ರಾಮ್ ಎರಡು ನಿಮಿಷ ತಡವಾದರೆ ನಡೆದುಬಿಡುತ್ತಾನೆ. ಫೋನಿನಲ್ಲಿ ಆ ರಸ್ತೆಯ ನಕ್ಷೆ ತೆಗೆದು ನೋಡುತ್ತಲೇ ಇದ್ದೇನೆ. ಹಾವಿನ ಹಾಗಿದೆ. ಅವನು ರಸ್ತೆಯಲ್ಲಿ ಪೂರ್ತಿ ಹೋಗಿರುವುದಿಲ್ಲ. ತಿರುವು ಬಂದ ಕಡೆಯೆಲ್ಲ ಅಡ್ಡ ಇಳಿದಿರುತ್ತಾನೆ. ಚಾಮುಂಡಿ ಬೆಟ್ಟದಲ್ಲೂ ಹಾಗೇ ಮಾಡುತ್ತಿದ್ದ. ಪೊಲೀಸರಿಗೆ ಹೇಳಿ, ರಸ್ತೆಯಲ್ಲಿ ಅಲ್ಲ, ತಿರುವುಗಳ ನಡುವೆ ನೋಡಿ ಅಂತ. ತೊರೆಯ ಪಕ್ಕದಲ್ಲಿ ನೋಡಿ ಅಂತ. ನೀರು ಇರುವ ಕಡೆ ಇದ್ದರೆ ಮನುಷ್ಯ ಎಷ್ಟೋ ದಿನ ಬದುಕಿರಬಹುದು, ನಾನು ಓದಿದ್ದೇನೆ.

ಮತ್ತೆ ಒಂದು ಕೇಳುತ್ತೇನೆ, ನಗಬೇಡಿ. ಅವನ ಹೆಸರು ಹಿಡಿದು ಕೂಗಿ. ಕನ್ನಡದಲ್ಲಿ ಕೂಗಿ. ಬೇರೆ ಯಾರು ಕರೆದರೂ ಅವನಿಗೆ ಏಳಲು ಆಗದಿರಬಹುದು, ನಮ್ಮ ಮಾತು ಕೇಳಿದರೆ ಏಳಬಹುದು.

ಇಲ್ಲಿ ಸೋಮವಾರದವರೆಗೂ ಈಸ್ಟರ್ ರಜೆ. ಯಾವ ಆಫೀಸೂ ಇಲ್ಲ. ಕಾರಿಡಾರಿನಲ್ಲಿ ಯಾರೂ ಓಡಾಡುತ್ತಿಲ್ಲ. ನಾನು ಒಂದೇ ಮಗ್ಗುಲಿಗೆ ಮಲಗಿ ಕಿಟಕಿ ನೋಡುತ್ತಿದ್ದೇನೆ. ನನ್ನ ಕಾಲು ನನ್ನದಾಗಿದ್ದರೆ ನಡೆದೇ ಬಂದುಬಿಡುತ್ತಿದ್ದೆ. ಬೇಗ ಬರೆಯಿರಿ. ಏನೇ ಇದ್ದರೂ ಬರೆಯಿರಿ.

ರಚನಾ


ಯೆರೆವಾನ್
21 ಏಪ್ರಿಲ್ 2025

ಮಗಳೇ ರಚನಾ,

ಎರಡು ದಿನ ಬರೆಯಲಾಗಲಿಲ್ಲ, ಕ್ಷಮಿಸು. ಹಬ್ಬದ ಗಲಾಟೆ. ನಿನ್ನೆ ಇಲ್ಲಿ ಈಸ್ಟರ್. ನಮ್ಮ ಬೀದಿಯವರೆಲ್ಲ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿ ಕೆಂಪು ಮಾಡುತ್ತಾರೆ, ಒಣದ್ರಾಕ್ಷಿ ಹಾಕಿ ಅನ್ನ ಮಾಡುತ್ತಾರೆ. ಪಕ್ಕದ ಮನೆಯಿಂದ ತಟ್ಟೆ ತುಂಬ ಬಂತು. ಮೆಸ್ಸಿನ ಹುಡುಗಿಯರು ಮೊಟ್ಟೆಗೆ ಮೊಟ್ಟೆ ಡಿಕ್ಕಿ ಹೊಡೆಸಿ ಆಡಿದರು.

ಹುಡುಕಾಟ ನಡೆಯುತ್ತಿದೆ. ನೀನು ಹೇಳಿದಂತೆ ತಿರುವುಗಳ ನಡುವೆಯೂ ನೋಡುತ್ತಿದ್ದಾರೆ. ನಾನೂ ಹೋಗಿ ಹೆಸರು ಹಿಡಿದು ಕೂಗಿದೆ. ಇಂಥದ್ದಕ್ಕೆ ಸಮಯ ಹಿಡಿಯುತ್ತದೆ ಮಗಳೇ. ನೀನು ಅದನ್ನೇ ಧ್ಯಾನಿಸುತ್ತ ಮಲಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ಏನು ಕೊಡುತ್ತಾರೆ? ಬರೀ ಬ್ರೆಡ್ಡೇ? ನಿಶ್ಚಿತಾಗೆ ಹೇಳಿ ಒಂದಿಷ್ಟು ಗಂಜಿ, ಹೆಸರುಬೇಳೆ ತೊವ್ವೆ ಮಾಡಿಸಿಕೊ. ಮಗು ಒದೆಯುತ್ತದೆಯೇ? ಬರೆ.

ನಿನ್ನ
ಮಧು ಆಂಟಿ


ಕಾರ್ಲ್ಸ್‌ರುಹೆ
23 ಏಪ್ರಿಲ್ 2025

ಆಂಟಿ,

ಒದೆಯುತ್ತದೆ. ಬಲಗಡೆ ಜಾಸ್ತಿ.

ಹುಡುಕಾಟದ ಬಗ್ಗೆ ಇನ್ನು ಬರೆಯಬೇಡಿ. ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದಿದ್ದಾರೆ ಡಾಕ್ಟರ್. ಏನಾದರೂ ಹೇಳಲೇಬೇಕಾದ ದಿನ ನಾನೇ ಕೇಳುತ್ತೇನೆ. ನಿಶ್ಚಿತಾಗೂ ಹಾಗೇ ಹೇಳಿದ್ದೇನೆ. ಅವಳು ಈಗ ಬರುವ ಮೊದಲು ಮುಖ ತೊಳೆದುಕೊಂಡು ಬರುತ್ತಾಳೆ.

ನೀವು ಖೋರ್ ವಿರಾಪ್ ಬಗ್ಗೆ ಬರೆದದ್ದು ಚೆನ್ನಾಗಿತ್ತು. ಹಾಗೆ ಬೇರೆ ಮಠಗಳ ಬಗ್ಗೆ ಬರೆಯಿರಿ. ಕಲ್ಲು, ಬಾಗಿಲು, ದೀಪ, ಅಂಥದ್ದು. ಒಂದನ್ನು ಬರೆದು ಮುಗಿಸುವಷ್ಟರಲ್ಲಿ ನನಗೊಂದು ವಾರ ಕಳೆದಿರುತ್ತದೆ.

ಅಲ್ಲಿ ಈಗಲೂ ಚಳಿಯೇ?

ರಚನಾ


ಯೆರೆವಾನ್
30 ಏಪ್ರಿಲ್ 2025

ಮಗಳೇ,

ಚಳಿ ಕಡಿಮೆಯಾಗಿದೆ. ಬಿಸಿಲು ಬಂದಿದೆ.

ಗೆಗಾರ್ದ್ ಎಂಬ ಮಠದ ಬಗ್ಗೆ ಹೇಳುತ್ತೇನೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಮಗಳ ಜೊತೆ ಹೋಗಿದ್ದೆ. ಅರ್ಧ ಕಟ್ಟಿದ್ದು, ಅರ್ಧ ಬೆಟ್ಟವನ್ನೇ ಕೊರೆದದ್ದು. ಅತ್ತ ನಮ್ಮ ಹೊಯ್ಸಳರು ಗುಡಿ ಕಟ್ಟಿಸುತ್ತಿದ್ದ ಕಾಲದಲ್ಲಿ ಇತ್ತ ಇವರು ಬಂಡೆಯೊಳಗೆ ಕಂಬ, ಕಮಾನು, ಗೋಪುರ ಎಲ್ಲವನ್ನೂ ಬಿಡಿಸಿದ್ದಾರೆ. ಒಂದು ಕೋಣೆಯೊಳಗೆ ಬಂಡೆಯಿಂದಲೇ ನೀರು ಒಸರುತ್ತದೆ. ಜನ ಅದನ್ನು ತೀರ್ಥದ ಹಾಗೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇನ್ನೊಂದು ಕೋಣೆಯಲ್ಲಿ ಯಾರಾದರೂ ಮೆಲ್ಲಗೆ ಹಾಡಿದರೂ ದನಿ ದೊಡ್ಡದಾಗಿ ಸುತ್ತುತ್ತದೆ. ಅಲ್ಲಿ ಬಾಗಿಲು ತೀರ ಗಿಡ್ಡ. ಯಶವಂತನ ಹಾಗೆ ಎತ್ತರ ಇದ್ದವರು ಬಗ್ಗಿಯೇ

ಬಗ್ಗಿಯೇ ಹೋಗಬೇಕು.

ಇವತ್ತಿಗೆ ಇಷ್ಟು ಸಾಕು. ಒಲೆಯ ಮೇಲೆ ಸಾರು ಇದೆ.

ಮಧು ಆಂಟಿ


ಕಾರ್ಲ್ಸ್‌ರುಹೆ
8 ಮೇ 2025

ಆಂಟಿ,

ಹೊಲಿಗೆ ಇನ್ನೂ ನಿಂತಿದೆ. ಇನ್ನೊಂದು ಮಠ ಹೇಳಿ. ದೊಡ್ಡದು ಹೇಳಿ.

ರಚನಾ


ಯೆರೆವಾನ್
9 ಮೇ 2025

ಮಗಳೇ,

ಹಘ್‌ಪಾತ್. ಉತ್ತರದ ಬೆಟ್ಟಸಾಲಿನಲ್ಲಿದೆ. ನೆಲದ ತುಂಬ ಸಮಾಧಿಯ ಚಪ್ಪಡಿಗಳು. ಮೇಲೆ ಕಾಲಿಡಲು ನಾನು ಹಿಂದೆಮುಂದೆ ನೋಡುತ್ತಿದ್ದರೆ, ತುಳಿದು ಹೋಗಿ, ಅವರಿಗೂ ಅದೇ ಬೇಕಿತ್ತು ಎಂದು ಅಲ್ಲಿನ ಪಾದ್ರಿ ನಕ್ಕರು. ಪುಸ್ತಕ ಇಡುವ ಕೋಣೆಯ ನೆಲದಲ್ಲಿ ದೊಡ್ಡ ದೊಡ್ಡ ಮಣ್ಣಿನ ಹಂಡೆಗಳನ್ನು ಹೂತಿಟ್ಟಿದ್ದಾರೆ. ನೋಡುತ್ತಿದ್ದಂತೆ ನಮ್ಮಜ್ಜಿಯ ಮನೆಯ ಗುಡಾಣ ನೆನಪಾಯಿತು.

ನನಗೆ ಇನ್ನು ಮಠಗಳು ಉಳಿದಿಲ್ಲ ರಚನಾ. ನನ್ನಿಂದ ಬರೆಯಲೂ ಆಗುತ್ತಿಲ್ಲ. ನೀನು ಗಟ್ಟಿಯಾಗಿರು.

ಮಧುಮತಿ


ಕಾರ್ಲ್ಸ್‌ರುಹೆ
19 ಮೇ 2025

ಆಂಟಿ,

ನಿನ್ನೆ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ತುಂಬ ಚಿಕ್ಕದು. ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಿಗೆ ನಳಿಗೆ ಹಾಕಿದ್ದಾರೆ. ಉಳಿಯುತ್ತದೆ ಎಂದು ಡಾಕ್ಟರ್ ಹೇಳಿದರು, ಬಹುಶಃ ಎಂಬ ಮಾತು ಸೇರಿಸಿ.

ಈಗ ಹೇಳಿ.

ನೀವು ಹೇಗೆ ಹೇಳುವುದೆಂದು ಪೇಚಾಡಬೇಡಿ. ನನಗೆ ಗೊತ್ತು. ನೀವು ಮೊದಲ ಎರಡು ಕಾಗದದಲ್ಲಿ ನನ್ನನ್ನು ನೀವು ಎಂದು ಕರೆದಿರಿ. ಈಸ್ಟರ್ ಮರುದಿನ ನೀನು ಎಂದಿರಿ, ಮಗಳೇ ಎಂದಿರಿ. ಠಾಣೆಯಲ್ಲಿ ಕೇಳಿದ್ದನ್ನು ಇದ್ದ ಹಾಗೆ ಬರೆದ ಹೆಂಗಸು ನೀವು, ಅಂದು ಕೆಂಪು ಮೊಟ್ಟೆಯ ಬಗ್ಗೆ ಬರೆದಿರಿ. ಅಂದೇ ಬೆಂಗಳೂರಿನಿಂದ ಯಶವಂತನ ಅಣ್ಣ ಚಂದನ್ ಮೆಸೇಜ್ ಕಳಿಸುವುದು ನಿಂತಿತ್ತು. ದಿನಕ್ಕೆ ನಾಲ್ಕು ಸಲ ಕಳಿಸುತ್ತಿದ್ದವರು ಅವರು. ನಿಶ್ಚಿತಾ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಹೊಟ್ಟೆ ಗಟ್ಟಿಯಾಗತೊಡಗಿತು. ಆಗ ನನಗೆ ನಾನೇ ಹೇಳಿಕೊಂಡೆ, ಕೇಳದಿದ್ದರೆ ಇನ್ನೂ ಆಗಿಲ್ಲ. ಕೇಳಿದರೆ ಅಳಬೇಕು, ಅತ್ತರೆ ಇದೂ ಹೋಗುತ್ತದೆ. ಫೋನನ್ನು ಬೋರಲು ಹಾಕಿದೆ. ನಿಮ್ಮ ಕಾಗದ ಬಂದಾಗ ಮಾತ್ರ ತೆಗೆಯುತ್ತಿದ್ದೆ, ಅದರಲ್ಲಿ ಬರೀ ಕಲ್ಲು ಇರುತ್ತದೆ ಎಂಬ ಧೈರ್ಯದಿಂದ.

ನೀವೆಲ್ಲ ಸೇರಿ ನನ್ನಿಂದ ಮುಚ್ಚಿಟ್ಟಿರಿ. ನಾನು ನನ್ನಿಂದ ಮುಚ್ಚಿಟ್ಟುಕೊಂಡೆ. ಈಗ ಹೊಟ್ಟೆಯಲ್ಲಿ ಏನೂ ಇಲ್ಲ. ಹೇಳಿ.

ರಚನಾ


ಯೆರೆವಾನ್
20 ಮೇ 2025

ರಚನಾ,

ಹೇಳುತ್ತೇನೆ.

ಏಪ್ರಿಲ್ ಹತ್ತೊಂಬತ್ತು, ಶನಿವಾರ. ನಿನ್ನ ಕಾಗದವನ್ನು ಅರ್ಮೇನಿಯನ್‌ಗೆ ತಿರುಗಿಸಿ ಪೊಲೀಸರಿಗೆ ಓದಿ ಹೇಳಿದೆ. ಮಠದಿಂದ ಕೆಳಗೆ ತಿರುವು ತಿರುವಿನ ನಡುವೆ ಇಳಿದು ನೋಡಿದರು. ನಾನು ರಸ್ತೆಯಲ್ಲಿ ನಡೆಯುತ್ತಾ ಕೂಗಿದೆ. "ಯಶವಂತಾ, ಎಲ್ಲಿದೀಯಪ್ಪಾ, ರಚನಾ ಕಾಯ್ತಿದಾಳೆ." ಬಂಡೆಗಳು ಅದನ್ನೇ ತಿರುಗಿ ಹೇಳುತ್ತಿದ್ದವು. ಕೂಗುತ್ತಲೇ ಇದ್ದೆ, ಕೆಳಗೆ ತೊರೆಯ ಬಳಿಯಿದ್ದ ಒಬ್ಬ ಕುರಿಗಾಹಿ ಕೈ ಎತ್ತಿದ.

ಸಡಿಲ ಕಲ್ಲಿನ ಇಳಿಜಾರು. ಅಲ್ಲಿ ಯಶವಂತ ಅಡ್ಡ ಇಳಿಯಲು ಹೋಗಿ ಜಾರಿದ್ದಾನೆ. ತಲೆ ಬಂಡೆಗೆ ಬಡಿದಿದೆ. ಬಿದ್ದ ಕೂಡಲೇ ಹೋಗಿರಬೇಕು, ನರಳಿಲ್ಲ ಎಂದು ಡಾಕ್ಟರ್ ಹೇಳಿದರು. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ನನಗೂ ನಂಬಿಕೆ ಬರದೆ ಎರಡು ಸಲ ಕೇಳಿದೆ. ನಾವು ಮೊದಲ ದಿನವೇ ಹುಡುಕಿದ್ದರೂ ಸಿಗುತ್ತಿದ್ದದ್ದು ಅಷ್ಟೇ. ಪಾಸ್‌ಪೋರ್ಟ್ ಎದೆಯ ಜೇಬಿನಲ್ಲಿತ್ತು.

ಚಂದನ್ ಬಂದರು. ಎರಡು ದಿನ ನನ್ನ ಮನೆಯಲ್ಲೇ ಇದ್ದರು. ದೇಹವನ್ನು ಊರಿಗೆ ಹೊರಡಿಸುವ ಮುಂಚೆ ನಾನು ಒದ್ದೆ ಬಟ್ಟೆಯಲ್ಲಿ ಯಶವಂತನ ಮುಖ ಒರೆಸಿದೆ, ಹಣೆಗೆ ವಿಭೂತಿ ಇಟ್ಟೆ. ಬೆಂಗಳೂರಿನಲ್ಲಿ ಕಾರ್ಯ ಮಾಡಿ ಮುಗಿಸಿದ್ದಾರೆ. ನಿನಗೆ ಹೇಳಬಾರದೆಂದು ಮೊದಲು ಅಂದವರು ನಿನ್ನ ಮಾವನವರು, ಒಪ್ಪಿದವರು ಎಲ್ಲರೂ. ನಾನೂ ಒಪ್ಪಿದೆ.

ನನ್ನ ಒಬ್ಬನೇ ತಮ್ಮ ಸತ್ತಾಗ ನಾನು ಬಾಣಂತಿ. ಹಾಲು ಬತ್ತೀತು ಎಂದು ನನಗೆ ಹೇಳದೆ ಎಲ್ಲ ಮುಗಿಸಿಬಿಟ್ಟರು. ಒಂದು ತಿಂಗಳು ನಾನು ಅವನ ಅಂಗಿಗೆ ಗುಂಡಿ ಹಾಕಿಟ್ಟುಕೊಂಡು ಕಾದೆ. ಹಾಗೆ ಮಾಡಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ನೋವು ಎಂಥದ್ದೆಂದು ಗೊತ್ತಿದ್ದೂ ನಿನಗೆ ಅದನ್ನೇ ಮಾಡಿದೆ. ಆದ್ದರಿಂದ ನಿನ್ನ ಹತ್ತಿರ ಕ್ಷಮೆ ಕೇಳುವ ಮುಖ ನನಗಿಲ್ಲ. ಮಗು ಉಳಿಯಲಿ.

ಮಧುಮತಿ


ಕಾರ್ಲ್ಸ್‌ರುಹೆ
9 ಜೂನ್ 2025

ಮಧು ಆಂಟಿ,

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಅವನ ಮುಖ ನಾನು ಒರೆಸಬೇಕಿತ್ತು. ನೀವು ಒರೆಸಿದಿರಿ ಎಂದು ಓದಿದಾಗ ಫೋನನ್ನು ಗೋಡೆಗೆ ಎಸೆಯಬೇಕು ಎನಿಸಿತು. ಆಮೇಲೆ, ನೀವೂ ಇಲ್ಲದಿದ್ದರೆ ಯಾರು ಒರೆಸುತ್ತಿದ್ದರು ಎಂದು ಯೋಚಿಸಿದೆ. ಸಿಟ್ಟು ಇನ್ನೂ ಇದೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ನೀವು ಬರೆಯುವುದನ್ನು ನಿಲ್ಲಿಸಬೇಡಿ.

ಇದರ ನಡುವೆ ಎರಡು ಸಲ ಮಗು ಕೈತಪ್ಪಿತು ಎನಿಸಿತ್ತು. ಒಂದು ಸಲ ಸೋಂಕು, ಒಂದು ಸಲ ಉಸಿರೇ ನಿಂತು ಮೈ ನೀಲಿಯಾಯಿತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಆ ಬಾಗಿಲಿನ ಎದುರು ನಿಂತಾಗ ನನಗೆ ಬೇಡಿಕೊಳ್ಳಲು ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಶುಕ್ರವಾರ ನಳಿಗೆ ತೆಗೆದರು. ಇವತ್ತು ಮೊದಲ ಸಲ ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿದರು. ಮೈಗೆ ಮೈ ತಾಗುವ ಹಾಗೆ, ಮೇಲೊಂದು ಹೊದಿಕೆ. ಹಕ್ಕಿಮರಿಯಷ್ಟು ಭಾರ. ವಯಸ್ಸಾದ ನರ್ಸ್ ಒಬ್ಬರು ದಿಂಬು ಸರಿಮಾಡಿ, ಏನಾದರೂ ಮಾತಾಡಿ, ಅವಳಿಗೆ ನಿಮ್ಮ ದನಿ ಗೊತ್ತು ಎಂದರು.

ಯಶವಂತ್ ಹೋದದ್ದನ್ನು ಇಷ್ಟು ದಿನ ಯಾರ ಹತ್ತಿರವೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಚಂದನ್ ಫೋನಿನಲ್ಲಿ ಅತ್ತಾಗಲೂ ಹೂಂ ಎಂದಿದ್ದೆ ಅಷ್ಟೆ. ಜೋಜೋ ಅನ್ನಲು ಹೋಗಿ ಬಿಟ್ಟೆ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ.

"ನಿಮ್ಮಪ್ಪ ನಮ್ಮಿಬ್ರನ್ನ ನೋಡಕ್ಕೆ ಅಂತ ಹೊರಟಿದ್ದ ಕಣೇ. ಬಸ್ಸಿಗೂ ಕಾಯ್ಲಿಲ್ಲ. ದಾರೀಲಿ ಬಿದ್ದು ಸತ್ತೋದ. ಇನ್ನ ಬರಲ್ಲ. ನಾನಿದೀನಿ."

ಯಾರೋ ಮುಂದೆಂದೋ ಎದುರು ಕೂರಿಸಿಕೊಂಡು, ತಡವರಿಸಿಕೊಂಡು, ಬೇರೆ ಏನೋ ಮಾಡಿ ಅವಳಿಗೆ ಹೇಳುವುದು ಬೇಡ. ಅವಳಿಗೆ ಅರ್ಥವಾಗುವ ಮೊದಲೇ ಗೊತ್ತಿರಲಿ.

ಹೇಳಿ ಮುಗಿಸಿದ ಮೇಲೆ ಅಳು ಬಂತು. ಇಷ್ಟು ದಿನ ತಡೆದದ್ದೆಲ್ಲ ಬಂತು. ಎದೆ ಅದುರಿದ ಹಾಗೆಲ್ಲ ಅವಳೂ ನನ್ನ ಮೇಲೆ ಅದುರುತ್ತಿದ್ದಳು. ಯಂತ್ರ ಕೂಗಿಕೊಂಡಿತು. ನರ್ಸ್ ಬಂದು ಅವಳ ಬಣ್ಣ ನೋಡಿದರು, ನನ್ನ ಮುಖ ನೋಡಿದರು. ಮಗುವನ್ನು ಎತ್ತಿಕೊಳ್ಳಲಿಲ್ಲ. ಯಂತ್ರದ ಸದ್ದು ಅಡಗಿಸಿ, ಪರದೆ ಎಳೆದು, ನಮ್ಮಿಬ್ಬರನ್ನೂ ಹಾಗೇ ಬಿಟ್ಟು ಹೋದರು.

ರಚನಾ